ಪೊಣಿಕಿ, ಅಂಕುಡು, ಆಲೆ

ವಿಶಾಖಪಟ್ಟಣಕ್ಕೆ ಕೆಲಸಕ್ಕೆಂದು ಬರುವ ನಮ್ಮಂಥವರಿಗೆ ಕೃಷ್ಣದೇವರಾಯ ಬೇಗ ಎದುರಾಗುತ್ತಾನೆ. 1515-16ರ ಕಳಿಂಗ ದಂಡಯಾತ್ರೆಯಲ್ಲಿ ವಿಜಯವಾಡದ ಪಕ್ಕದ ಕೊಂಡಪಲ್ಲಿ ಕೋಟೆ ಗೆದ್ದು ಸಿಂಹಾಚಲದವರೆಗೆ ಬಂದ. ದೇವಸ್ಥಾನದಲ್ಲಿ ಅವನ ಶಾಸನವಿದೆ. ಅದೇ ದಾರಿಯಲ್ಲಿ ಮರದ ಬೊಂಬೆಗೆ ಹೆಸರಾದ ಎರಡು ಊರುಗಳಿವೆ. ಒಂದು ಕೊಂಡಪಲ್ಲಿಯೇ, ಇನ್ನೊಂದು ಇತ್ತ ವರಾಹ ನದಿಯ ದಡದ ಏಟಿಕೊಪ್ಪಾಕ. ಇವುಗಳ ಚರಿತ್ರೆಯನ್ನು ರಾಜರು, ಜಮೀನ್ದಾರರಿಂದ ಶುರುಮಾಡುವುದು ರೂಢಿ. ಮರದಿಂದ ಶುರುಮಾಡಬೇಕು ಎಂಬುದು ನನ್ನ ವಾದ.

ಯಾವ ಮರವಾದರೂ ಅದರ ಕೋಶದ ಗೋಡೆ ನೀರಿಗಿಂತ ಸುಮಾರು 1.5 ಪಟ್ಟು ಭಾರ. ಮರ ತೇಲುವುದು ಕೋಶಗಳೊಳಗಿನ ಟೊಳ್ಳಿನಿಂದ. ಕೊಂಡಪಲ್ಲಿಯವರ ತೆಲ್ಲ ಪೊಣಿಕಿಯಲ್ಲಿ ಗೋಡೆ ತೆಳು, ಟೊಳ್ಳು ಹೆಚ್ಚು. ಮನೆಯ ತೊಲೆಗೆ ಅದನ್ನು ಯಾರೂ ಇಡುವುದಿಲ್ಲ. ಆದರೆ ಸಣ್ಣ ಉಳಿಗೆ ಅದು ಸಲೀಸಾಗಿ ಬಗ್ಗುತ್ತದೆ. ಹಾಗಾಗಿ ಅಲ್ಲಿ ಕೈ, ಕಾಲು, ಅಂಬಾರಿಗಳನ್ನು ಬೇರೆಬೇರೆ ಕೆತ್ತಿ, ಹುಣಸೆ ಬೀಜದ ಅಂಟಿಗೆ ಮರದ ಪುಡಿ ಕಲಸಿ ಕೂಡಿಸುತ್ತಾರೆ. ಕೆತ್ತುವ ಮುಂಚೆ ಮರವನ್ನು ಸಣ್ಣ ಶಾಖದಲ್ಲಿ ಒಣಗಿಸುವುದಕ್ಕೂ ಕಾರಣವಿದೆ. ತೇವಾಂಶ ಸುಮಾರು 30 ಶೇಕಡಕ್ಕಿಂತ ಕೆಳಗಿಳಿದಾಗ ಮರ ಕುಗ್ಗತೊಡಗುತ್ತದೆ; ಬೆಳವಣಿಗೆಯ ಉಂಗುರದ ಗುಂಟ ಕುಗ್ಗುವುದು ತಿರುಳಿನಿಂದ ತೊಗಟೆಯತ್ತ ಕುಗ್ಗುವುದರ ಹೆಚ್ಚುಕಡಿಮೆ ಎರಡರಷ್ಟು, ಉದ್ದಕ್ಕಂತೂ ಲೆಕ್ಕಕ್ಕೇ ಇಲ್ಲ. ಹಸಿ ಮರದ ಬೊಂಬೆ ಆಮೇಲೆ ಸೀಳುವುದು ಈ ಅಸಮತೆಯಿಂದ.

ಏಟಿಕೊಪ್ಪಾಕದ ಅಂಕುಡು ಬೇರೆಯೇ ಜಾತಿ: ಬಿಳಿಚು ಬಣ್ಣ, ನುಣುಪಾದ ಒತ್ತು ನಾರು, ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು. ಲೇತಿನಲ್ಲಿ ತಿರುಗಿಸಿದರೆ ಸುತ್ತಲೂ ಒಂದೇ ಸಮ ಸವೆಯುತ್ತದೆ. ತಿರುಗುವಾಗಲೇ ಅರಗಿನ ಕಡ್ಡಿ ಒತ್ತಿದರೆ ಉಜ್ಜುವ ಬಿಸಿಗೆ ಅರಗು ಕರಗಿ ಮೈಗೆ ಹತ್ತುತ್ತದೆ, ಕೇದಗೆಯ ಎಲೆ ಹೊಳಪು ಕೊಡುತ್ತದೆ. ಓದುತ್ತಿರುವವರಲ್ಲಿ ರಾಮನಗರದ ಕಡೆಯವರಿದ್ದರೆ ಈ ವಿಧಾನ ಗುರುತು ಹತ್ತಿರಬೇಕು. ಅಂಕುಡು ಎಂದರೆ ನಮ್ಮ ಚನ್ನಪಟ್ಟಣದ ಆಲೆ ಮರವೇ. ಎರಡೂ ಊರಿನ ಬುಗುರಿಗಳನ್ನು ನನ್ನ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಿದ್ದೇನೆ. ಬಣ್ಣ ಸವೆದ ಬುಡದಲ್ಲಿ ಯಾವುದು ಯಾವ ಊರಿನದೆಂದು ಹೇಳಲಾಗದು. ಯಾರು ಯಾರಿಂದ ಕಲಿತರು ಎಂಬ ಜಗಳಕ್ಕಿಂತ, ಒಂದೇ ಮರ ಇಬ್ಬರಿಗೂ ಒಂದೇ ಕೆಲಸ ಕಲಿಸಿರಬಹುದು ಎಂಬುದು ನನಗೆ ಹೆಚ್ಚು ಒಪ್ಪಿಗೆ.

ಏಟಿಕೊಪ್ಪಾಕಕ್ಕೆ 2017ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು, ಕೊಂಡಪಲ್ಲಿಗೂ ಇದೆ. ಅದು ಕಾಯುವುದು ಹೆಸರನ್ನು. ಕೊಂಡಪಲ್ಲಿಯ ಸುತ್ತಲ ಗುಡ್ಡಗಳಲ್ಲಿ ಪೊಣಿಕಿ ಅಪರೂಪವಾಗುತ್ತಿದೆ. ಅದರ ಬದಲು ತೇಗ ಕೊಟ್ಟರೆ ಆ ಸಣ್ಣ ಉಳಿಗಳು ಅದರಲ್ಲಿ ಅಷ್ಟು ಸಲೀಸಾಗಿ ಓಡುವುದಿಲ್ಲ.