ಬರಿದಾಗಿ ತುಂಬಿದ ಢಾಕಾ

ಜನ ಕಿಕ್ಕಿರಿದ ಊರೆಂದೊಡನೆ ಇಂದು ಢಾಕಾ ನಗರದ ಹೆಸರು ಬಾಯಿಗೆ ಬರುತ್ತದೆ. ೨೦೨೨ರ ಜನಗಣತಿಯಂತೆ ಬಾಂಗ್ಲಾದೇಶದಲ್ಲಿ ಚದರ ಕಿಲೋಮೀಟರಿಗೆ ಸುಮಾರು ೧,೧೦೦ ಮಂದಿ ಇದ್ದರೆ, ಅದರ ರಾಜಧಾನಿಯ ದಕ್ಷಿಣ ಭಾಗದಲ್ಲಿ ಅಷ್ಟೇ ನೆಲದ ಮೇಲೆ ೩೯,೦೦೦ಕ್ಕೂ ಹೆಚ್ಚು ಜನರಿದ್ದರು. ಇದೇ ಊರು ಒಂದು ಕಾಲದಲ್ಲಿ ಜನವಿಲ್ಲದೆ ಬಿಕೋ ಎನ್ನುತ್ತಿತ್ತೆಂದರೆ ವಾಚಕರು ನಂಬಲಾರರು. ಆದರೆ ಚರಿತ್ರೆ ಹೇಳುವುದು ಅದನ್ನೇ.

ಹದಿನೇಳನೆಯ ಶತಮಾನದ ಆದಿಯಲ್ಲಿ ಮೊಗಲರ ಸುಬೇದಾರ ಇಸ್ಲಾಂ ಖಾನನು ಬಂಗಾಳದ ರಾಜಧಾನಿಯನ್ನು ಬುರಿಗಂಗಾ ನದಿಯ ದಡಕ್ಕೆ ತಂದನು. ಬಾದಶಹನ ಗೌರವಾರ್ಥವಾಗಿ ಊರಿಗೆ ಜಹಾಂಗೀರನಗರವೆಂದು ಹೆಸರಾಯಿತು. ದಂಡು ಬಂದಿತು, ದರ್ಬಾರು ಬಂದಿತು. ಅವುಗಳ ಹಿಂದೆಯೇ ಡಚ್ಚರು, ಇಂಗ್ಲಿಷರು, ಫ್ರೆಂಚರು ಕೋಠಿಗಳನ್ನು ತೆರೆದರು. ಇವರೆಲ್ಲರ ಕಣ್ಣು ಇದ್ದುದು ಢಾಕಾದ ಮಲ್‌ಮಲ್ ಬಟ್ಟೆಯ ಮೇಲೆ.

ಹದಿನೆಂಟನೆಯ ಶತಮಾನದ ಆರಂಭದಲ್ಲಿ ಮುರ್ಷಿದ್ ಕುಲಿ ಖಾನನು ರಾಜಧಾನಿಯನ್ನು ಮುರ್ಷಿದಾಬಾದಿಗೆ ಒಯ್ದನು. ಅಧಿಕಾರ ಹೋದರೂ ಮಗ್ಗ ಉಳಿದಿತ್ತು. ಕಂಪೆನಿಯ ಆಳ್ವಿಕೆಯಲ್ಲಿ ಅದಕ್ಕೂ ಪೆಟ್ಟು ಬಿದ್ದಿತು. ಇಂಗ್ಲೆಂಡಿನ ಗಿರಣಿಗಳ ಬಟ್ಟೆ ಪೇಟೆಯನ್ನು ತುಂಬಿತು; ನೇಕಾರನು ಊರು ಬಿಟ್ಟನು. ಢಾಕಾದ ಜನಸಂಖ್ಯೆ ಒಂದೂವರೆ ಲಕ್ಷದಿಂದ ಮೂವತ್ತು ನಲವತ್ತು ಸಾವಿರಕ್ಕೆ ಇಳಿದಿದೆಯೆಂದೂ, ಕಾಡು ಮತ್ತು ಮಲೇರಿಯಾ ಊರನ್ನು ಆಕ್ರಮಿಸುತ್ತಿವೆಯೆಂದೂ ೧೮೪೦ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಸಮಿತಿಯ ಮುಂದೆ ಸಾಕ್ಷ್ಯ ನುಡಿದವನು ಚಾರ್ಲ್ಸ್ ಟ್ರೆವೆಲ್ಯನ್, ಕಂಪೆನಿಯ ಅಧಿಕಾರಿಯಾಗಿದ್ದವನೇ. ಅವನ ಲೆಕ್ಕದಲ್ಲಿ ಕೊಂಚ ಉತ್ಪ್ರೇಕ್ಷೆ ಇದ್ದೀತು. ಆದರೂ ೧೮೭೨ರ ಮೊದಲ ಜನಗಣತಿಯಲ್ಲಿ ಸಿಕ್ಕವರು ಸುಮಾರು ೬೯,೦೦೦ ಮಂದಿ ಮಾತ್ರ.

ಬರಿದಾದ ಊರು ಮತ್ತೆ ತುಂಬಿದ್ದು ಹೇಗೆ? ೧೯೦೫ರ ವಂಗಭಂಗದಿಂದ ಢಾಕಾ ಆರು ವರ್ಷಗಳ ಮಟ್ಟಿಗೆ ಹೊಸ ಪ್ರಾಂತದ ರಾಜಧಾನಿಯಾಯಿತು. ೧೯೨೧ರಲ್ಲಿ ವಿಶ್ವವಿದ್ಯಾನಿಲಯ ಬಂದಿತು. ೧೯೪೭ರಲ್ಲಿ ಅದು ಪೂರ್ವ ಪಾಕಿಸ್ತಾನದ ರಾಜಧಾನಿ. ಗಡಿ ದಾಟಿ ಬಂದ ನಿರಾಶ್ರಿತರೂ ಸೇರಿ ೧೯೫೧ರ ಹೊತ್ತಿಗೆ ಜನಸಂಖ್ಯೆ ಮೂರು ಲಕ್ಷವನ್ನು ಮೀರಿತು. ೧೯೭೧ರ ಯುದ್ಧದಿಂದ ಸ್ವತಂತ್ರ ರಾಷ್ಟ್ರ ಹುಟ್ಟಿತು. ೧೯೭೪ರ ಕ್ಷಾಮ ಹಳ್ಳಿಗರನ್ನು ನಗರಕ್ಕೆ ಅಟ್ಟಿತು. ಹೊಳೆ ಕೊರೆದು ಹೊಲ ಮನೆಗಳನ್ನು ನುಂಗಿದಾಗಲೆಲ್ಲ ಮತ್ತಷ್ಟು ಸಂಸಾರಗಳು ಗಂಟುಮೂಟೆ ಕಟ್ಟಿದವು. ೧೯೮೦ರ ದಶಕದಿಂದ ಸಿದ್ಧ ಉಡುಪಿನ ಕಾರ್ಖಾನೆಗಳು ಲಕ್ಷಾಂತರ ಹೆಣ್ಣುಮಕ್ಕಳನ್ನು ಕರೆತಂದವು. ೨೦೨೨ರಲ್ಲಿ ಎರಡು ನಗರಪಾಲಿಕೆಗಳ ಎಲ್ಲೆಯೊಳಗೇ ಒಂದು ಕೋಟಿಗೂ ಮಿಕ್ಕಿ ಜನರಿದ್ದರು. ಹೊರವಲಯಗಳನ್ನೂ ಸೇರಿಸಿ ಎಣಿಸಿದ ವಿಶ್ವಸಂಸ್ಥೆ ೨೦೨೫ರಲ್ಲಿ ಢಾಕಾಕ್ಕೆ ಲೋಕದ ನಗರಗಳಲ್ಲಿ ಎರಡನೆಯ ಸ್ಥಾನ ಕೊಟ್ಟಿತು.

ಈ ಏರಿಳಿತದಲ್ಲಿ ಒಂದು ಪಾಠವಿದೆ. ಜನರು ನಗರಕ್ಕೆ ಮುಗಿಬೀಳುವುದು ಚಪಲದಿಂದಲ್ಲ. ಹೊಟ್ಟೆಪಾಡು ಇರುವಲ್ಲಿಗೆ ಅವರು ಹೋಗುತ್ತಾರೆ, ಅದು ತಪ್ಪಿದಾಗ ಹೊರಟುಬಿಡುತ್ತಾರೆ. ಅವರನ್ನು ದೂರುವುದು ಸುಲಭ. ಬಂದವರಿಗೆ ಎಡೆ ಮಾಡುವುದು ಕಷ್ಟ. ೧೯೫೯ರಲ್ಲಿಯೇ ಢಾಕಾಕ್ಕೊಂದು ನಗರಯೋಜನೆ ಸಿದ್ಧವಾಗಿತ್ತು. ಊರು ಅದನ್ನು ದಾಟಿ ಬೆಳೆಯಿತು. ಮಳೆನೀರು ಹರಿಯುತ್ತಿದ್ದ ಕಾಲುವೆಗಳು ಮುಚ್ಚಿಹೋದವು. ಕುಡಿಯುವ ನೀರನ್ನು ಬಹುಪಾಲು ಕೊಳವೆಬಾವಿಗಳಿಂದಲೇ ಎತ್ತಿದ್ದರಿಂದ ಅಂತರ್ಜಲ ವರ್ಷ ವರ್ಷಕ್ಕೂ ಕೆಳಗಿಳಿಯಿತು.

೨೦೧೦ರ ಜೂನಿನಲ್ಲಿ ಹಳೆಯ ಢಾಕಾದ ನಿಮ್‌ತಲಿಯಲ್ಲಿ, ಮನೆಗಳ ಕೆಳಗೆ ದಾಸ್ತಾನಿಟ್ಟಿದ್ದ ರಾಸಾಯನಿಕಗಳಿಗೆ ಬೆಂಕಿ ತಗುಲಿ ನೂರಕ್ಕೂ ಹೆಚ್ಚು ಮಂದಿ ಸತ್ತರು. ಉಗ್ರಾಣಗಳನ್ನು ಸ್ಥಳಾಂತರಿಸುವ ಮಾತಾಯಿತು. ಒಂಬತ್ತು ವರ್ಷಗಳು ಕಳೆದವು. ೨೦೧೯ರ ಫೆಬ್ರವರಿಯಲ್ಲಿ, ಅದೇ ಹಳೆಯ ಊರಿನ ಚೌಕ್‌ಬಜಾರಿನಲ್ಲಿ, ಅಂಥದೇ ದಾಸ್ತಾನು ಹೊತ್ತಿ ಸುಮಾರು ಎಪ್ಪತ್ತು ಮಂದಿ ಸುಟ್ಟುಹೋದರು. ಇದನ್ನು ಜನಸಂದಣಿಯ ತಪ್ಪೆನ್ನಬಹುದೆ? ಜನ ಒತ್ತಾಗಿದ್ದುದರಿಂದ ಸಾವು ಹೆಚ್ಚಿತು, ನಿಜ; ಆದರೆ ಮಲಗುವ ಕೋಣೆಯ ಕೆಳಗೆ ಮದ್ದಿನಂಥ ಸರಕು ಉಳಿದದ್ದು ಆಳುವವರ ಉದಾಸೀನದಿಂದ.

ಅಂದು ಢಾಕಾಕ್ಕೆ ಕೀರ್ತಿ ತಂದವನು ನೇಯುವವನು. ಇಂದು ಅದರ ಸಂಪತ್ತನ್ನು ಹೊತ್ತಿರುವವಳು ಹೊಲಿಯುವವಳು. ಅವನು ಊರು ಬಿಟ್ಟಾಗ ಯಾರೂ ತಡೆಯಲಿಲ್ಲ. ಇವಳು ಬಂದಾಗ ಯಾರೂ ಜಾಗ ಸಿದ್ಧಮಾಡಿರಲಿಲ್ಲ. ತಲೆಗಳನ್ನು ಎಣಿಸುವುದರಲ್ಲಿ ಸರಕಾರಗಳು ನಿಪುಣವಾಗಿವೆ. ಆ ತಲೆಗಳ ಮೇಲೊಂದು ಸುರಕ್ಷಿತವಾದ ಸೂರು ಇದೆಯೆ ಎಂಬ ಲೆಕ್ಕ ಇನ್ನೂ ಬಾಕಿ ಉಳಿದಿದೆ.