ಬೋರ್ಡ್ ನೋಡಿ ದುಡ್ಡು ಕಟ್ಟಬೇಡಿ: ಆಟಿಸಂ ಇರುವ ಮಗುವಿಗೆ ಶಾಲೆ ಹುಡುಕುವವರಿಗೆ ಮಾಹಿತಿ

ಬೆಂಗಳೂರು: ವಿಜಯನಗರ, ಬಸವೇಶ್ವರನಗರ, ರಾಜಾಜಿನಗರದ ಅಡ್ಡರಸ್ತೆಗಳಲ್ಲಿ ಒಂದು ರೌಂಡ್ ಹಾಕಿದರೆ ಸಾಕು, ‘ಚೈಲ್ಡ್ ಡೆವಲಪ್‌ಮೆಂಟ್ ಸೆಂಟರ್’, ‘ಸ್ಪೀಚ್ ಥೆರಪಿ’, ‘ಸ್ಪೆಷಲ್ ಸ್ಕೂಲ್’ ಅಂತ ಬೋರ್ಡ್‌ಗಳು ಕಾಣಿಸುತ್ತವೆ. ಕೆಳಗೆ ಮೆಡಿಕಲ್ ಶಾಪ್, ಮೇಲೆ ಸೆಂಟರ್. ಮೂರು ವರ್ಷವಾದರೂ ಮಗು ಮಾತಾಡ್ತಿಲ್ಲ ಎಂಬ ಆತಂಕದಲ್ಲಿರುವ ಅಪ್ಪ ಅಮ್ಮ ಮೊದಲು ಹತ್ತುವುದು ಇಂಥ ಮೆಟ್ಟಿಲನ್ನೇ. ಒಳ್ಳೆಯ ಸೆಂಟರ್‌ಗಳೂ ಇವೆ, ಇಲ್ಲ ಅನ್ನಲ್ಲ. ಆದರೆ ಶಾಲೆ ಯಾವುದು, ಥೆರಪಿ ಕೊಡುವ ಜಾಗ ಯಾವುದು, ಬರೀ ಮಗುವನ್ನು ಕೂರಿಸಿಕೊಳ್ಳುವ ಜಾಗ ಯಾವುದು ಎಂಬುದು ಬೋರ್ಡ್ ನೋಡಿದರೆ ಗೊತ್ತಾಗುವುದಿಲ್ಲ.

ನನ್ನ ಚಿಕ್ಕಪ್ಪನದು ವಿಜಯನಗರದಲ್ಲಿ ಹಾರ್ಡ್‌ವೇರ್ ಅಂಗಡಿ. ಮಗನನ್ನು ಎರಡು ವರ್ಷ ಒಂದು ಸೆಂಟರ್‌ಗೆ ಕಳುಹಿಸಿದರು. ದಿನಕ್ಕೆ 45 ನಿಮಿಷ, ಬಾಗಿಲು ಹಾಕಿರುತ್ತಿತ್ತು. ಒಳಗೆ ಏನು ಕಲಿಸಿದಿರಿ ಅಂತ ಕೇಳಿದರೆ ‘ಇಂಪ್ರೂವ್‌ಮೆಂಟ್ ಇದೆ ಸರ್’ ಅಷ್ಟೇ ಉತ್ತರ. ಕೊನೆಗೆ ಗೊತ್ತಾಗಿದ್ದು, ಕಲಿಸುತ್ತಿದ್ದವರಿಗೆ ವಿಶೇಷ ಶಿಕ್ಷಣದ ತರಬೇತಿಯೇ ಇರಲಿಲ್ಲ. ದುಡ್ಡು ಹೇಗೋ ದುಡೀಬಹುದು, ಮಗನ ಐದನೇ ವರ್ಷ ಆರನೇ ವರ್ಷ ವಾಪಸ್ ಬರಲ್ಲವಲ್ಲ ಅಂತ ಚಿಕ್ಕಮ್ಮ ಈಗಲೂ ಹೇಳ್ತಾರೆ. ಬೇರೆಯವರಿಗೂ ಹಾಗಾಗಬಾರದು ಅಂತ ಈ ಮಾಹಿತಿ ಒಟ್ಟು ಮಾಡಿದ್ದೇನೆ.

ಮೊದಲು ತಪಾಸಣೆ, ಆಮೇಲೆ ಶಾಲೆ

‘ಗಂಡು ಹುಡುಗರಿಗೆ ಮಾತು ಲೇಟು, ಬರುತ್ತೆ ಬಿಡಿ’ ಎಂಬ ಸಮಾಧಾನದಲ್ಲೇ ಎಷ್ಟೋ ಮನೆಗಳಲ್ಲಿ ಎರಡು ವರ್ಷ ಕಳೆದುಹೋಗುತ್ತೆ. ಒಂದು ವರ್ಷ ದಾಟಿದ ಮಗು ಹೆಸರು ಕರೆದರೆ ತಿರುಗದಿದ್ದರೆ, ಒಂದೂವರೆ ವರ್ಷವಾದರೂ ಬೇಕಾದ್ದನ್ನು ಬೆರಳು ಮಾಡಿ ತೋರಿಸದಿದ್ದರೆ, ಬಂದ ಮಾತು ನಿಂತುಹೋದರೆ ಕಾಯಬೇಡಿ. ಇದು ಮೊಬೈಲ್ ಕೊಟ್ಟಿದ್ದಕ್ಕೆ ಬಂದಿದ್ದಲ್ಲ, ಲಸಿಕೆಯಿಂದ ಬಂದಿದ್ದಲ್ಲ, ತಾಯಿ ಸರಿಯಾಗಿ ನೋಡಿಕೊಳ್ಳದ್ದಕ್ಕಂತೂ ಖಂಡಿತ ಅಲ್ಲ.

ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯ ವಿಭಾಗ ಇದೆ. ಕೆಂಗೇರಿ ಕಡೆಯವರು ರೈಲು ಹತ್ತಿ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೂ ಹೋಗಬಹುದು. 1965ರಲ್ಲಿ ಶುರುವಾದ ಸಂಸ್ಥೆ ಅದು. ಮಾತು, ಕಿವಿ ಎರಡನ್ನೂ ನೋಡ್ತಾರೆ. ಕಿವಿ ತಪಾಸಣೆ ಮೊದಲೇ ಮಾಡಿಸಿ. ಕೇಳಿಸದೇ ಇದ್ದರೂ ಮಗು ತಿರುಗಿ ನೋಡಲ್ಲ.

ಆಟಿಸಂ ಎಷ್ಟರ ಮಟ್ಟಿಗಿದೆ ಎಂದು ಪ್ರಮಾಣಪತ್ರಕ್ಕಾಗಿ ಅಳೆಯಲು ನಮ್ಮ ದೇಶದ್ದೇ ಮಾಪಕ ಇದೆ, ಹೆಸರು ಐಎಸ್‌ಎಎ. 40 ಅಂಶಗಳು, ಒಂದೊಂದಕ್ಕೂ 1ರಿಂದ 5 ಅಂಕ. ಪ್ರಮಾಣಪತ್ರ, ಯುಡಿಐಡಿ ಕಾರ್ಡ್ ಎರಡಕ್ಕೂ ಅರ್ಜಿ ಹಾಕುವುದು ಸ್ವಾವಲಂಬನ್ ಪೋರ್ಟಲ್‌ನಲ್ಲಿ. ಮಗು ಚಿಕ್ಕದಿದ್ದರೆ ತಾತ್ಕಾಲಿಕ ಪ್ರಮಾಣಪತ್ರ ಕೊಡಬಹುದು. ಅದರ ಕೊನೇ ದಿನಾಂಕ ಎಲ್ಲಾದರೂ ಬರೆದಿಟ್ಟುಕೊಳ್ಳಿ.

ಸರ್ಟಿಫಿಕೇಟ್ ಮಾಡಿಸಿದರೆ ಮಗುವಿಗೆ ‘ಹೆಸರು’ ಬರುತ್ತೆ, ಮುಂದೆ ತಂಗಿಯ ಮದುವೆಗೆ ತೊಂದರೆ ಅಂತ ಹಿಂದೇಟು ಹಾಕುವವರು ಈಗಲೂ ಇದ್ದಾರೆ. ಬೀದಿಯವರಿಗೆಲ್ಲ ತೋರಿಸುವ ಕಾಗದ ಅಲ್ಲ ಅದು. ಆದರೆ ಮುಂದೆ ಬರೆದಿರುವ ಬಹುತೇಕ ಸೌಲಭ್ಯಕ್ಕೆ ಅದೇ ಕೀಲಿ.

ಯಾವ ಶಾಲೆ ಅಂತ ಆರಿಸುವ ಹಕ್ಕು ನಿಮ್ಮದು

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತೆ. ಆಟಿಸಂ, ಬೌದ್ಧಿಕ ಅಂಗವೈಕಲ್ಯ, ಸೆರೆಬ್ರಲ್ ಪಾಲ್ಸಿ, ಕಲಿಕಾ ನ್ಯೂನತೆ ಎಲ್ಲವೂ ಅದರಲ್ಲಿವೆ. ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವ 6ರಿಂದ 18 ವರ್ಷದ ಮಗುವಿಗೆ ಉಚಿತ ಶಿಕ್ಷಣದ ಹಕ್ಕಿದೆ. ಅದು ನೆರೆಹೊರೆಯ ಸಾಮಾನ್ಯ ಶಾಲೆಯಲ್ಲೂ ಆಗಬಹುದು, ವಿಶೇಷ ಶಾಲೆಯಲ್ಲೂ ಆಗಬಹುದು. ‘ನಿಮ್ಮ ಮಗು ಸ್ಪೆಷಲ್ ಸ್ಕೂಲ್‌ಗೇ ಹೋಗಬೇಕು’ ಅಂತ ಮುಖ್ಯೋಪಾಧ್ಯಾಯರು ತೀರ್ಮಾನ ಮಾಡುವಂತಿಲ್ಲ. ಮಾನ್ಯತೆ ಪಡೆದ ಶಾಲೆ ಸೀಟು ಇಲ್ಲ ಅಂದರೆ, ಕಾರಣ ಬರೆದು ಕೊಡಿ ಅಂತ ಕೇಳಿ. ಬಾಯಲ್ಲಿ ಹೇಳಿದ್ದಕ್ಕೆ ದಾಖಲೆ ಇರಲ್ಲ. ಬರೆದು ಕೊಟ್ಟರೆ ಬಿಇಒ ಕಚೇರಿಗೆ, ಅಲ್ಲೂ ಆಗದಿದ್ದರೆ ಅಂಗವಿಕಲರ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು.

ಸಮಗ್ರ ಶಿಕ್ಷಣದಡಿ ಪ್ರತಿ ಬ್ಲಾಕ್‌ನ ಸಂಪನ್ಮೂಲ ಕೇಂದ್ರದಲ್ಲಿ ಬಿಐಇಆರ್‌ಟಿ ಎನ್ನುವ ವಿಶೇಷ ಸಂಪನ್ಮೂಲ ಶಿಕ್ಷಕರ ಹುದ್ದೆ ಇದೆ. ಶಾಲೆಗೆ ಬರಲಾಗದ ಮಗುವಿಗೆ ಮನೆಯಲ್ಲೇ ಕಲಿಸುವ ವ್ಯವಸ್ಥೆಯೂ ಇವರ ಮೂಲಕವೇ. ಒಬ್ಬೊಬ್ಬರ ಮೇಲೂ ಬಹಳ ಶಾಲೆಗಳ ಭಾರ ಇರುತ್ತೆ, ಹಾಗಾಗಿ ಕೇಳದೆ ಯಾರೂ ನಿಮ್ಮ ಮನೆಗೆ ಬರುವುದಿಲ್ಲ. ಸಾಮಾನ್ಯ ಶಾಲೆಗಳಲ್ಲಿ ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬ, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ ಇರಬೇಕು ಅಂತ ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲೇ ಹೇಳಿದೆ. ನಿಮ್ಮ ಏರಿಯಾದ ಶಾಲೆಯಲ್ಲಿ ಎಷ್ಟು ಜನ ಇದ್ದಾರೆ, ಒಮ್ಮೆ ಕೇಳಿ ನೋಡಿ.

ಫೀಸ್ ಕಟ್ಟುವ ಮುಂಚೆ

ವಿಶೇಷ ಶಿಕ್ಷಕರು, ಸ್ಪೀಚ್ ಥೆರಪಿಸ್ಟ್‌ಗಳು, ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ ನೋಂದಣಿ ಆಗಿರಬೇಕು. ನಿಮ್ಮ ಮಗುವಿಗೆ ಯಾರು ಕಲಿಸ್ತಾರೋ ಅವರ ನೋಂದಣಿ ಸಂಖ್ಯೆ ಕೇಳಿ. ಗೋಡೆಗೆ ಹಾಕಿದ ಮಾಲೀಕರ ಸರ್ಟಿಫಿಕೇಟ್ ಲೆಕ್ಕಕ್ಕಿಲ್ಲ. ಅಂಗವಿಕಲರಿಗಾಗಿ ಸಂಸ್ಥೆ ನಡೆಸುವವರು 2016ರ ಕಾಯ್ದೆ ಪ್ರಕಾರ ರಾಜ್ಯದಲ್ಲಿ ನೋಂದಣಿ ಪಡೆಯಬೇಕು. ಅದರ ಪ್ರತಿಯನ್ನೂ ಕೇಳಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ಒಂದು ಮಿಕ್ಸಿ ತಗೊಳ್ಳುವಾಗಲೂ ವಾರಂಟಿ ಕಾರ್ಡ್ ಕೇಳ್ತೀವಿ.

ಇನ್ನೊಂದು, ಐಇಪಿ. ಅಂದರೆ ಈ ಮಗುವಿಗೆ ಮುಂದಿನ ಮೂರು ತಿಂಗಳಲ್ಲಿ ಏನೇನು ಕಲಿಸ್ತೀವಿ ಎಂಬ ಬರವಣಿಗೆಯ ಯೋಜನೆ. ‘ಮಾತು ಸುಧಾರಿಸುವುದು’ ಅಂತ ಬರೆದಿದ್ದರೆ ಅದು ಯೋಜನೆ ಅಲ್ಲ. ‘ನೀರು ಬೇಕಾದಾಗ ಚಿತ್ರ ತೋರಿಸಿ ಕೇಳುವುದು’ ಅಂತಿದ್ದರೆ ಅದು ಆಗಿದೆಯೋ ಇಲ್ಲವೋ ಮನೆಯಲ್ಲೇ ನೋಡಬಹುದು. ತಿಂಗಳಿಗೊಮ್ಮೆಯಾದರೂ ಒಳಗೆ ಕೂತು ನೋಡಲು ಬಿಡ್ತಾರಾ ಕೇಳಿ. ಬಿಡಲ್ಲ ಅಂದರೆ ನಾನಾದರೆ ಅಲ್ಲಿಗೆ ಸೇರಿಸಲ್ಲ. ‘ಆರು ತಿಂಗಳಲ್ಲಿ ಆಟಿಸಂ ವಾಸಿ’ ಅನ್ನುವವರ ಹತ್ತಿರ ಕೂರುವುದೇ ಬೇಡ. ಇದು ವಾಸಿ ಮಾಡುವ ಕಾಯಿಲೆ ಅಲ್ಲ, ಮಗು ಕಲಿಯುವ ದಾರಿ ಬೇರೆ ಅಷ್ಟೇ.

ಮನೆ ಭಾಷೆ ಬಿಡಬೇಡಿ

‘ಮಗು ಕನ್ಫ್ಯೂಸ್ ಆಗುತ್ತೆ, ಮನೆಯಲ್ಲಿ ಇಂಗ್ಲಿಷ್ ಮಾತ್ರ ಮಾತಾಡಿ’ ಎಂಬ ಸಲಹೆ ನಮ್ಮ ಕಡೆ ತುಂಬಾ ಕೇಳಿಬರುತ್ತೆ. ಚಿಕ್ಕಪ್ಪನ ಮನೆಯಲ್ಲೂ ಇದನ್ನೇ ಮಾಡಿದರು. ‘ಬಾ’ ಹೋಗಿ ‘ಕಮ್’ ಆಯಿತು, ‘ಕೂತ್ಕೋ’ ಹೋಗಿ ‘ಸಿಟ್’ ಆಯಿತು. ಚಿಕ್ಕಪ್ಪನಿಗೆ ಬರುವ ಇಂಗ್ಲಿಷ್ ನಟ್ಟು ಬೋಲ್ಟು ಅಳತೆಯದ್ದು. ಅಜ್ಜಿಗೆ ಅದೂ ಬರಲ್ಲ. ಹಾಗಾಗಿ ಮನೆಯಲ್ಲಿ ಮಗುವಿನ ಜೊತೆ ಅತಿ ಹೆಚ್ಚು ಹೊತ್ತು ಇರುತ್ತಿದ್ದ ಅಜ್ಜಿ ಮಾತೇ ಬಿಟ್ಟರು. ಎರಡು ಭಾಷೆ ಕೇಳಿದರೆ ಆಟಿಸಂ ಇರುವ ಮಗುವಿನ ಮಾತು ಇನ್ನೂ ಹಿಂದೆ ಬೀಳುತ್ತೆ ಎನ್ನುವುದಕ್ಕೆ ಸಂಶೋಧನೆಗಳಲ್ಲಿ ಆಧಾರ ಸಿಕ್ಕಿಲ್ಲ. ಕನ್ನಡವೋ, ತೆಲುಗೋ, ತಮಿಳೋ, ಉರ್ದುವೋ, ಮನೆಯವರೆಲ್ಲ ಸಲೀಸಾಗಿ ಆಡುವ ಭಾಷೆಯಲ್ಲೇ ಮಗುವಿನ ಜೊತೆ ಮಾತಾಡಿ. ಮಾತು ಬಾರದ ಮಗುವಿಗೆ ಮನೆಯದೇ ಲೋಟ, ಚಪ್ಪಲಿ, ಬಾತ್‌ರೂಮಿನ ಫೋಟೊ ತೆಗೆದು ರಟ್ಟಿಗೆ ಅಂಟಿಸಿ ಕೊಟ್ಟರೆ ಕೈ ಮಾಡಿ ತೋರಿಸಲು ಆಗುತ್ತೆ. ಹೀಗೆ ಚಿತ್ರ ಕೊಟ್ಟರೆ ಮಾತು ಬರಲ್ಲ ಅನ್ನುವುದೂ ತಪ್ಪು ನಂಬಿಕೆ.

ನಮ್ಮ ಸುತ್ತಮುತ್ತ

ಬಸವೇಶ್ವರನಗರದಲ್ಲಿ ಅಕಾಡೆಮಿ ಫಾರ್ ಸಿವಿಯರ್ ಹ್ಯಾಂಡಿಕ್ಯಾಪ್ಸ್ ಅಂಡ್ ಆಟಿಸಂ ಇದೆ. ‘ಆಶಾ’ ಅಂದರೆ ಗೊತ್ತಾಗುತ್ತೆ. ಆಟಿಸಂಗೆಂದೇ 1990ರ ದಶಕದಲ್ಲಿ ಶುರುವಾದ ಸಂಸ್ಥೆ. ಕೆಂಗೇರಿಯವರಿಗೆ ಹತ್ತಿರ ರಾಜರಾಜೇಶ್ವರಿ ನಗರದ ಫೇಮ್ ಇಂಡಿಯಾ, ರಾಜಾಜಿನಗರದವರಿಗೆ ಮಲ್ಲೇಶ್ವರದ ಅರುಣ ಚೇತನ. ಇಂದಿರಾನಗರದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ 1980ರಿಂದ ಇದೆ. ದೂರವಾದರೂ ಕೆಂಗೇರಿ, ವಿಜಯನಗರದಿಂದ ನೇರಳೆ ಮಾರ್ಗದ ಮೆಟ್ರೊದಲ್ಲಿ ರೈಲು ಬದಲಿಸದೆ ಹೋಗಬಹುದು. ಸೀಟು, ಫೀಸು, ಯಾವ ವಯಸ್ಸಿನವರನ್ನು ತಗೊಳ್ತಾರೆ ಎಂಬುದನ್ನು ನೇರವಾಗಿ ಹೋಗಿ ಕೇಳಿ. ಪ್ರತಿದಿನ ಮಗುವನ್ನು ಒಂದೂವರೆ ಗಂಟೆ ಟ್ರಾಫಿಕ್‌ನಲ್ಲಿ ಕೂರಿಸುವುದಾದರೆ ದೊಡ್ಡ ಹೆಸರಿಗಿಂತ ಹತ್ತಿರದ ಸಾಧಾರಣ ಶಾಲೆಯೇ ವಾಸಿ ಅಂತ ನನ್ನ ಅಭಿಪ್ರಾಯ.

ಓದು ಮುಂದುವರಿಸುವ ಮಕ್ಕಳಿಗೆ ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್‌ಐಒಎಸ್ ಮೂಲಕ ತಮ್ಮ ವೇಗದಲ್ಲಿ ಪರೀಕ್ಷೆ ಬರೆಯುವ ದಾರಿ ಇದೆ. ಬರೆಯಲು ಸಹಾಯಕರು, ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಎನ್ನುವುದು ಕೇಂದ್ರದ ಮಾರ್ಗಸೂಚಿ.

ಖರ್ಚಿನ ವಿಷಯ

ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಇದೆ. ಥೆರಪಿ ಖರ್ಚಿಗೂ ಅದರಲ್ಲಿ ಒಂದು ಪಾಲು ಸಿಗುತ್ತೆ. ಹಾಗಾಗಿ ಸೆಂಟರ್‌ನವರು ಬಿಲ್ ಕೊಡಲೇಬೇಕು, ಚೀಟಿ ಅಲ್ಲ. ಅಂಗಡಿಯವರು ತಮ್ಮ ಆಡಿಟರ್ ಹತ್ತಿರ 80ಡಿಡಿ ಕಡಿತದ ಬಗ್ಗೆ ಕೇಳಿ. ಹಳೇ ತೆರಿಗೆ ಪದ್ಧತಿಯಲ್ಲಿರುವವರಿಗೆ 75,000 ರೂಪಾಯಿ, ಅಂಗವೈಕಲ್ಯ ಶೇ 80 ಅಥವಾ ಹೆಚ್ಚಿದ್ದರೆ 1,25,000 ರೂಪಾಯಿ. ಎಷ್ಟೋ ವ್ಯಾಪಾರಿಗಳು ಇದನ್ನು ಬಿಟ್ಟೇ ಬಿಡ್ತಾರೆ.

ಅಂಗಡಿಯವರಿಗೆ ಒಂದು ಮಾತು

ವಿಶೇಷ ಶಾಲೆಗಳಲ್ಲಿ ಸಾಮಾನು ತರುವುದೂ ಒಂದು ಪಾಠ. ಶಿಕ್ಷಕರ ಜೊತೆ ಬಂದ ಹುಡುಗ ಚೀಟಿ ಹಿಡಿದು ಸುಮ್ಮನೆ ನಿಂತರೆ, ಮುಖ ನೋಡದೆ ಇದ್ದರೆ, ನೀವು ಕೇಳಿದ್ದನ್ನೇ ತಿರುಗಿ ಹೇಳಿದರೆ, ಒಂದು ಹತ್ತು ಸೆಕೆಂಡ್ ಕಾಯಿರಿ. ಚಿಲ್ಲರೆಯನ್ನು ಶಿಕ್ಷಕರ ಕೈಗೆ ಕೊಡಬೇಡಿ, ಹುಡುಗನ ಕೈಗೇ ಕೊಡಿ. ಕಿವಿ ಮುಚ್ಚಿಕೊಂಡರೆ ಟಿವಿ ಸೌಂಡ್ ಸ್ವಲ್ಪ ಕಡಿಮೆ ಮಾಡಿ. ಚಿಕ್ಕಪ್ಪನ ಮಗನಿಗೆ ಈಗ 11 ವರ್ಷ. ಶಾಲೆ ಬದಲಾಗಿದೆ. ಮಾತು ಕಡಿಮೆಯೇ. ಸಂಜೆ ಅಂಗಡಿಗೆ ಬಂದು ಸ್ಕ್ರೂಗಳನ್ನು ಅಳತೆ ಪ್ರಕಾರ ಡಬ್ಬಕ್ಕೆ ಹಾಕ್ತಾನೆ, ಕಾಲು ಇಂಚಿನ ಡಬ್ಬದಲ್ಲಿ ಅರ್ಧ ಇಂಚಿನದು ಸಿಕ್ಕರೆ ಚಿಕ್ಕಪ್ಪನ ಮುಂದೆ ತಂದಿಡ್ತಾನೆ.