7 ವರ್ಷಕ್ಕೊಮ್ಮೆ ನಮ್ಮ ದೇಹ ಪೂರ್ತಿ ಹೊಸದಾಗುತ್ತದೆಯೇ? ಜೀವಕೋಶಗಳ ನಿಜವಾದ ವಯಸ್ಸೆಷ್ಟು?

ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ತಿರುಗಿ ಬರುವ ಸಂದೇಶವೊಂದಿದೆ. ದೇಹದ ಪ್ರತಿಯೊಂದು ಜೀವಕೋಶವೂ 7 ವರ್ಷಕ್ಕೊಮ್ಮೆ ಬದಲಾಗುತ್ತದೆ, 7 ವರ್ಷದ ಹಿಂದಿದ್ದ ನೀವು ಈಗಿಲ್ಲ ಎಂಬುದು ಅದರ ಸಾರ. ಕೆಲವು ಸಂದೇಶಗಳಲ್ಲಿ ಇನ್ನೊಂದು ಮಾತು ಸೇರಿಕೊಂಡಿರುತ್ತದೆ: ಹಳೆಯ ಕಾಯಿಲೆಗಳ ಚಿಂತೆ ಬಿಡಿ, ದೇಹ ತಾನಾಗಿಯೇ ಹೊಸದಾಗುತ್ತದೆ.

ಓದುಗರೊಬ್ಬರು ಇದನ್ನು ನಮಗೆ ಕಳುಹಿಸಿ ಹೀಗೆ ಕೇಳಿದ್ದರು: "ತಂದೆಗೆ ಹೃದಯಾಘಾತವಾಗಿ 6 ವರ್ಷವಾಯಿತು. ಇನ್ನೊಂದು ವರ್ಷಕ್ಕೆ ಹೃದಯವೇ ಹೊಸದಾಗುತ್ತದಂತೆ, ಮಾತ್ರೆ ಯಾಕೆ ಅನ್ನುತ್ತಿದ್ದಾರೆ. ನಿಜವೇ?"

ನಿಜವಲ್ಲ. ಮಾತ್ರೆ ನಿಲ್ಲಿಸಬಾರದು. ಈ ಸಂದೇಶದಲ್ಲಿ ಅರ್ಧ ಸತ್ಯವಿದೆ, ಅದಕ್ಕೇ ಜನ ಬೇಗ ನಂಬುತ್ತಾರೆ. ಉಳಿದರ್ಧ ಅಪಾಯಕಾರಿ.

ಜೀವಕೋಶದೊಳಗೆ ಏನಿದೆ?

ವಯಸ್ಕರ ದೇಹದಲ್ಲಿ ಅಂದಾಜು 30 ಲಕ್ಷ ಕೋಟಿ ಜೀವಕೋಶಗಳಿವೆ. ಸಾಮಾನ್ಯವಾಗಿ ಪ್ರತಿ ಕೋಶದ ಸುತ್ತ ತೆಳುವಾದ ಪೊರೆ ಇರುತ್ತದೆ. ಏನು ಒಳಗೆ ಬರಬೇಕು, ಏನು ಹೊರಗೆ ಹೋಗಬೇಕು ಎಂಬುದನ್ನು ಅದು ನಿಯಂತ್ರಿಸುತ್ತದೆ. ಒಳಗಿನ ಕೋಶಕೇಂದ್ರದಲ್ಲಿ ಡಿಎನ್ಎ ಇರುತ್ತದೆ. ಅದರಲ್ಲಿರುವ ಸೂಚನೆಯಂತೆ ರೈಬೋಸೋಮ್‌ಗಳು ಪ್ರೋಟೀನ್ ತಯಾರಿಸುತ್ತವೆ. ಮೈಟೊಕಾಂಡ್ರಿಯಾಗಳು ಆಹಾರ ಮತ್ತು ಆಮ್ಲಜನಕ ಬಳಸಿ ಶಕ್ತಿ ಒದಗಿಸುತ್ತವೆ.

ಆದರೆ ಎಲ್ಲ ಕೋಶಗಳ ರಚನೆ ಒಂದೇ ಅಲ್ಲ. ಕೆಲಸಕ್ಕೆ ತಕ್ಕಂತೆ ರಚನೆ, ರಚನೆಗೆ ತಕ್ಕಂತೆ ಆಯಸ್ಸು.

ಬೇಗ ಬದಲಾಗುವ ಕೋಶಗಳು

ಕರುಳಿನ ಒಳಪದರದ ಕೋಶಗಳು ಜೀರ್ಣರಸ, ಆಹಾರದ ಘರ್ಷಣೆಗಳನ್ನು ದಿನವೂ ಎದುರಿಸುತ್ತವೆ. ಅವು 3ರಿಂದ 5 ದಿನಗಳಲ್ಲಿ ಉದುರಿ ಹೊಸವು ಬರುತ್ತವೆ. ಚರ್ಮದ ಮೇಲ್ಪದರ ಹೊಸದಾಗಲು ಸುಮಾರು ಒಂದು ತಿಂಗಳು ಬೇಕು.

ರಕ್ತದ ಕೆಂಪು ಕಣಗಳು ಬದುಕುವುದು ಸುಮಾರು 120 ದಿನ. ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಜಾಗ ಬಿಡುವಂತೆ ಅವು ಕೋಶಕೇಂದ್ರವನ್ನೇ ಕಳೆದುಕೊಂಡಿರುತ್ತವೆ. ಡಿಎನ್ಎ ಇಲ್ಲದ ಮೇಲೆ ಹೊಸ ಪ್ರೋಟೀನ್ ಮಾಡಿಕೊಂಡು ದುರಸ್ತಿಯಾಗುವುದು ಸಾಧ್ಯವಿಲ್ಲ. ಹಾಗಾಗಿ ನಮ್ಮ ಮೂಳೆಮಜ್ಜೆ ಪ್ರತಿ ಸೆಕೆಂಡಿಗೆ 20 ಲಕ್ಷಕ್ಕೂ ಹೆಚ್ಚು ಹೊಸ ಕೆಂಪು ಕಣಗಳನ್ನು ತಯಾರಿಸುತ್ತದೆ.

ಸಕ್ಕರೆ ಕಾಯಿಲೆಯವರಿಗೆ ಮಾಡಿಸುವ ಎಚ್‌ಬಿಎ1ಸಿ ಪರೀಕ್ಷೆ ಗೊತ್ತಲ್ಲವೇ? ಅದು 'ಕಳೆದ 3 ತಿಂಗಳ ಸಕ್ಕರೆ'ಯನ್ನು ತೋರಿಸುವುದು ಇದೇ ಕಾರಣಕ್ಕೆ. ಕೆಂಪು ಕಣ ಬದುಕಿರುವಷ್ಟು ಕಾಲ ಅದರ ಹಿಮೋಗ್ಲೋಬಿನ್‌ಗೆ ಸಕ್ಕರೆ ಅಂಟುತ್ತಾ ಹೋಗುತ್ತದೆ. ಪರೀಕ್ಷೆಯ ಹಿಂದಿನ ದಿನ ಮಾತ್ರ ಪಥ್ಯ ಮಾಡಿದರೆ ಪ್ರಯೋಜನವಿಲ್ಲ.

ಬದಲಾಗದ ಕೋಶಗಳು

ಮಿದುಳಿನ ಹೊರಪದರದ ನರಕೋಶಗಳು ಬಹುಪಾಲು ನಾವು ಹುಟ್ಟಿದಾಗ ಇದ್ದವೇ. 80 ವರ್ಷದ ಅಜ್ಜಿಯ ಆ ನರಕೋಶಗಳಿಗೂ ಸುಮಾರು 80 ವರ್ಷ. ಒಂದೊಂದು ನರಕೋಶವೂ ಸಾವಿರಾರು ಇತರ ಕೋಶಗಳೊಂದಿಗೆ ಸಂಪರ್ಕ ಬೆಳೆಸಿಕೊಂಡಿರುತ್ತದೆ. ಅದು ಸತ್ತರೆ ಆ ಸಂಪರ್ಕಗಳೂ ಹೋಗುತ್ತವೆ. ಕೋಶ ಹಳೆಯದಾದರೂ ಅದರೊಳಗಿನ ನೀರು ಮತ್ತು ಬಹುತೇಕ ಪ್ರೋಟೀನ್‌ಗಳು ಬದಲಾಗುತ್ತಿರುತ್ತವೆ, ಅದು ಬೇರೆ ವಿಷಯ.

ಹೃದಯದ ಸ್ನಾಯುಕೋಶಗಳೂ ಹೆಚ್ಚು ಕಡಿಮೆ ಹೀಗೆಯೇ. ಅವುಗಳ ತುಂಬ ಸಂಕೋಚನದ ಎಳೆಗಳು, ಮೂರನೇ ಒಂದರಷ್ಟು ಜಾಗದಲ್ಲಿ ಮೈಟೊಕಾಂಡ್ರಿಯಾಗಳು. ಬಿಡುವಿಲ್ಲದೆ ಮಿಡಿಯಲು ಹೇಳಿಮಾಡಿಸಿದ ಈ ರಚನೆ ಇಬ್ಭಾಗವಾಗಿ ಹೊಸ ಕೋಶವಾಗಲು ಅನುಕೂಲಕರವಲ್ಲ. 25ನೇ ವಯಸ್ಸಿನಲ್ಲಿ ಇವು ಹೊಸದಾಗುವ ಪ್ರಮಾಣ ವರ್ಷಕ್ಕೆ ಸುಮಾರು ಶೇ. 1. 75ರ ಹೊತ್ತಿಗೆ ಅದು ಶೇ. 0.45ಕ್ಕೆ ಇಳಿಯುತ್ತದೆ. ಇಡೀ ಜೀವಮಾನದಲ್ಲೂ ಅರ್ಧದಷ್ಟು ಕೋಶಗಳು ಬದಲಾಗುವುದಿಲ್ಲ.

ಕೋಶದ ವಯಸ್ಸು ಅಳೆದದ್ದು ಹೇಗೆ?

ಮಗುವಿನಂತೆ ಕೋಶಕ್ಕೆ ಜನನ ಪ್ರಮಾಣಪತ್ರ ಇರುವುದಿಲ್ಲ. ಆದರೆ 1950 ಮತ್ತು 60ರ ದಶಕದ ಅಣುಬಾಂಬ್ ಪರೀಕ್ಷೆಗಳು ಗಾಳಿಯಲ್ಲಿ ಕಾರ್ಬನ್-14ರ ಪ್ರಮಾಣವನ್ನು ಬಹಳ ಹೆಚ್ಚಿಸಿದವು. 1963ರ ಒಪ್ಪಂದದ ನಂತರ ಅದು ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಬಂತು. ಈ ಕಾರ್ಬನ್ ಗಾಳಿಯಿಂದ ಗಿಡಕ್ಕೆ, ಗಿಡದಿಂದ ಊಟಕ್ಕೆ, ಊಟದಿಂದ ನಮ್ಮ ಡಿಎನ್ಎಗೆ ಸೇರುತ್ತದೆ. ಕೋಶ ಹುಟ್ಟಿದ ವರ್ಷದ ಗುರುತು ಅಲ್ಲಿ ಉಳಿಯುತ್ತದೆ.

ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯ ಯೋನಾಸ್ ಫ್ರಿಸೇನ್ ಅವರ ತಂಡ 2005ರಲ್ಲಿ ಈ ವಿಧಾನವನ್ನು ಪ್ರಕಟಿಸಿತು. ಹೃದಯಕ್ಕೆ ಸಂಬಂಧಿಸಿದ ಮೇಲಿನ ಅಂಕಿಗಳು ಇದೇ ವಿಧಾನದಿಂದ 2009ರಲ್ಲಿ ಸಿಕ್ಕವು.

ಹಾಗಾದರೆ '7 ವರ್ಷ' ಎಂಬುದು?

ವಯಸ್ಕರ ದೇಹದ ಕೋಶಗಳ ಸರಾಸರಿ ವಯಸ್ಸು 7ರಿಂದ 10 ವರ್ಷ ಇರಬಹುದು ಎಂದು ಫ್ರಿಸೇನ್ ಅಂದಾಜಿಸಿದ್ದರು. ಫಾರ್ವರ್ಡ್‌ಗಳಲ್ಲಿ ಬಿಟ್ಟುಹೋಗುವ ಪದ 'ಸರಾಸರಿ'. ಮನೆಯಲ್ಲಿ 70 ವರ್ಷದ ಅಜ್ಜಿ ಮತ್ತು 2 ವರ್ಷದ ಮೊಮ್ಮಗು ಇದ್ದರೆ ಸರಾಸರಿ ವಯಸ್ಸು 36. ಆದರೆ ಆ ಮನೆಯಲ್ಲಿ 36 ವರ್ಷದವರು ಯಾರೂ ಇಲ್ಲ!

ಇನ್ನೊಂದು ವಿಷಯ: ಕೋಶ ಹೊಸದಾದರೆ ಹಳೆಯ ಗುರುತು ಅಳಿಯುತ್ತದೆ ಎಂದೇನಿಲ್ಲ. ಅಜ್ಜಿಯ ಕೈಮೇಲಿನ ಹಚ್ಚೆ ನೋಡಿ. ಅದರ ಬಣ್ಣ ಚರ್ಮದ ಒಳಪದರದಲ್ಲಿದೆ. ಬಣ್ಣ ಹಿಡಿದ ಕೋಶ ಸತ್ತರೆ, ಪಕ್ಕಕ್ಕೆ ಬಂದ ಹೊಸ ಕೋಶ ಅದನ್ನೇ ನುಂಗಿ ಇಟ್ಟುಕೊಳ್ಳುತ್ತದೆ ಎಂದು 2018ರಲ್ಲಿ ಇಲಿಗಳ ಮೇಲಿನ ಅಧ್ಯಯನವೊಂದು ತೋರಿಸಿತು. ಯಕೃತ್ತಿನ ಕೋಶಗಳು ಚೆನ್ನಾಗಿ ಮರುಹುಟ್ಟು ಪಡೆಯುತ್ತವೆ, ನಿಜ. ಆದರೆ ವರ್ಷಗಟ್ಟಲೆ ಕುಡಿದು ಸಿರೋಸಿಸ್ ಬಂದ ಮೇಲೆ ಆ ಗಾಯದ ಕಲೆ ಸುಲಭವಾಗಿ ಹೋಗುವುದಿಲ್ಲ.

ಆ ತಂದೆಯ ಪ್ರಶ್ನೆಗೆ ಉತ್ತರ

ಹೃದಯಾಘಾತದಲ್ಲಿ ರಕ್ತ ನಿಂತ ಭಾಗದ ಸ್ನಾಯುಕೋಶಗಳು ಅರ್ಧ ಗಂಟೆಯ ಆಸುಪಾಸಿನಲ್ಲೇ ಸಾಯತೊಡಗುತ್ತವೆ. ಅವುಗಳ ಜಾಗಕ್ಕೆ ಬರುವುದು ಹೊಸ ಸ್ನಾಯುವಲ್ಲ, ಮಿಡಿಯಲಾರದ ಗಾಯದ ಅಂಗಾಂಶ. 7 ವರ್ಷವಾದರೂ ಅದು ಹಾಗೆಯೇ ಇರುತ್ತದೆ. ಉಳಿದ ಸ್ನಾಯುವಿನ ಮೇಲಿನ ಹೊರೆ ಇಳಿಸಲು, ಮತ್ತೊಂದು ಆಘಾತ ತಡೆಯಲು ವೈದ್ಯರು ಮಾತ್ರೆ ಕೊಡುತ್ತಾರೆ. ಬದಲಾವಣೆ ಬೇಕಿದ್ದರೆ ವೈದ್ಯರನ್ನೇ ಕೇಳಿ.

ಪಾರ್ಶ್ವವಾಯುವಿನಲ್ಲೂ ಅಷ್ಟೇ. ದೊಡ್ಡ ರಕ್ತನಾಳ ಕಟ್ಟಿಕೊಂಡು ಚಿಕಿತ್ಸೆ ಸಿಗದಿದ್ದರೆ ಪ್ರತಿ ನಿಮಿಷ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆ ಎಂಬ ಲೆಕ್ಕಾಚಾರವಿದೆ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಎದೆ ಹಿಂಡಿದಂತಾದರೆ, ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ 'ಗ್ಯಾಸ್ ಇರಬಹುದು, ಬೆಳಿಗ್ಗೆ ನೋಡೋಣ' ಎನ್ನದೆ ತಕ್ಷಣ 108ಕ್ಕೆ ಕರೆ ಮಾಡಿ.

ಫಾರ್ವರ್ಡ್ ಮಾಡುವ ಮುನ್ನ

ಕರುಳು, ಚರ್ಮ, ರಕ್ತ ಹೊಸದಾಗುತ್ತಲೇ ಇರುತ್ತವೆ. ಹೃದಯ ಬಹಳ ನಿಧಾನ. ಮಿದುಳಿನ ಹೊರಪದರದ ನರಕೋಶಗಳು ನಮ್ಮಷ್ಟೇ ಹಳೆಯವು. ಆದ್ದರಿಂದ '7 ವರ್ಷಕ್ಕೊಮ್ಮೆ ಪೂರ್ತಿ ಹೊಸ ದೇಹ' ಎಂಬ ಸಂದೇಶ ತಪ್ಪು. ಅದು ನಿಮ್ಮ ಕುಟುಂಬದ ಗುಂಪಿಗೆ ಮತ್ತೆ ಬಂದರೆ, ಅದರ ಕೆಳಗೆ ಈ ಲೇಖನವನ್ನು ಹಾಕಿಬಿಡಿ. ಮಾತ್ರೆ ಬಿಡಲು ಯೋಚಿಸುತ್ತಿರುವ ಯಾರಾದರೊಬ್ಬರು ಅದನ್ನು ಓದಬಹುದು.